ವಜ್ರದ ಕಟ್ ನೋಡಿ ಕಲ್ಲು ಆರಿಸುವುದು ಹೇಗೆ? ಓಲೆ, ಮೂಗುಬೊಟ್ಟು, ಉಂಗುರ ಕೊಳ್ಳುವವರಿಗೆ

ಮಗಳ ಮದುವೆಗೆ ಏಳು ಕಲ್ಲಿನ ಓಲೆ ಮಾಡಿಸುವವರು, ನಿಶ್ಚಿತಾರ್ಥದ ಉಂಗುರಕ್ಕಾಗಿ ಅಂಗಡಿ ಅಂಗಡಿ ಅಲೆಯುವವರು, ಅಮ್ಮನಿಗೊಂದು ಮೂಗುಬೊಟ್ಟು ಕೊಡಿಸಬೇಕೆಂದು ವರ್ಷಗಳಿಂದ ದುಡ್ಡು ಕೂಡಿಟ್ಟವರು ಬರೆದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎರಡು ಕಲ್ಲುಗಳ ತೂಕ ಒಂದೇ, ಬಣ್ಣ ಒಂದೇ, ಶುದ್ಧತೆಯೂ ಒಂದೇ. ಆದರೂ ಒಂದು ಕಿಡಿ ಕಾರುತ್ತದೆ, ಇನ್ನೊಂದು ಮಂಕಾಗಿ ಕುಳಿತಿರುತ್ತದೆ. ಯಾಕೆ?

ಕಾರಣ ಕಟ್, ಅಂದರೆ ಕಲ್ಲನ್ನು ಕಡೆದ ಬಗೆ. ಬಣ್ಣ, ಶುದ್ಧತೆ, ತೂಕ ಈ ಮೂರೂ ಬಹುಪಾಲು ನೆಲದೊಳಗೇ ನಿರ್ಧಾರವಾಗಿ ಬರುವ ಗುಣಗಳು. ಕಟ್ ಮಾತ್ರ ಮನುಷ್ಯನ ಕೈಕೆಲಸ. ವಜ್ರಕ್ಕೆ ಸ್ವಂತ ಬೆಳಕಿಲ್ಲ. ಮೇಲಿನಿಂದ ಒಳಹೊಕ್ಕ ಬೆಳಕನ್ನು ಕೆಳಗಿನ ಇಳಿಜಾರುಗಳಲ್ಲಿ ಎರಡು ಬಾರಿ ಪುಟಿಸಿ ಮತ್ತೆ ನಿಮ್ಮ ಕಣ್ಣಿಗೇ ಹಿಂದಿರುಗಿಸಿದಾಗ ಅದು ಹೊಳೆಯುತ್ತದೆ. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ವಜ್ರಕ್ಕೆ 2.42. ಅಂದರೆ ಒಳಗಿನ ಮೈಗೆ ನೇರವಾಗಿ ಬಡಿಯದೆ, ಲಂಬರೇಖೆಯಿಂದ 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದ ಬೆಳಕು ಹೊರಗೆ ಹೋಗಲಾರದೆ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. ಇಳಿಜಾರಿನ ಕೋನ ಒಂದೆರಡು ಡಿಗ್ರಿ ತಪ್ಪಿದರೂ ಬೆಳಕು ಕಲ್ಲಿನ ಬೆನ್ನಿನಿಂದ ಸೋರಿಹೋಗುತ್ತದೆ. ಎಷ್ಟೇ ಅಚ್ಚ ಬಿಳಿಯ, ಎಷ್ಟೇ ನಿರ್ಮಲವಾದ ಕಲ್ಲಾದರೂ ಬೆಳಕು ಸೋರಿದ ಮೇಲೆ ಗಾಜಿನ ಹಾಗೆ ಕಾಣುತ್ತದೆ.

ಈ ಲೇಖನ ರೌಂಡ್ ಬ್ರಿಲಿಯಂಟ್ ಎನ್ನುವ ದುಂಡು ಕಲ್ಲಿಗೆ ಸಂಬಂಧಿಸಿದ್ದು. ನಮ್ಮ ಓಲೆ, ಮೂಗುಬೊಟ್ಟುಗಳಲ್ಲಿ ಹೆಚ್ಚಾಗಿ ಕೂರುವುದು ಇದೇ. ಗಣಿಯ ವಜ್ರವಾಗಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಾಗಲಿ ಕಟ್ ಪರೀಕ್ಷಿಸುವ ಕ್ರಮದಲ್ಲಿ ವ್ಯತ್ಯಾಸವಿಲ್ಲ. ಎರಡರಲ್ಲೂ ಬೆಳಕು ನಡೆದುಕೊಳ್ಳುವುದು ಒಂದೇ ರೀತಿ.

ಮೊದಲು ಕೆಲವು ಪದಗಳು

ಕಲ್ಲಿನ ನೆತ್ತಿಯ ಮೇಲಿರುವ ದೊಡ್ಡ ಚಪ್ಪಟೆ ಮುಖ ಟೇಬಲ್. ಅದರಿಂದ ಸುತ್ತಲೂ ಇಳಿಯುವ ಮೇಲ್ಭಾಗ ಕ್ರೌನ್. ಕಲ್ಲಿನ ಸೊಂಟಕ್ಕೆ ಕಟ್ಟಿದ ಪಟ್ಟಿಯಂಥ ಅಂಚು ಗರ್ಡಲ್. ಅದರ ಕೆಳಗೆ ಬುಗುರಿಯ ಹಾಗೆ ಚೂಪಾಗುತ್ತಾ ಹೋಗುವ ಭಾಗ ಪೆವಿಲಿಯನ್. ತುದಿಯ ಬಿಂದು ಕ್ಯೂಲೆಟ್. ಮೈಮೇಲಿನ ಒಂದೊಂದು ನುಣುಪು ಮುಖಕ್ಕೂ ಫ್ಯಾಸೆಟ್ ಎನ್ನುತ್ತಾರೆ. ರೌಂಡ್ ಬ್ರಿಲಿಯಂಟ್‌ನಲ್ಲಿ ಇವು 57, ಕ್ಯೂಲೆಟ್ಟನ್ನೂ ತಟ್ಟಿ ಮುಖ ಮಾಡಿದ್ದರೆ 58. ತೂಕದ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ: ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಭಾಗ ಒಂದು ಸೆಂಟ್.

ಜೊತೆಗೆ ಏನಿರಬೇಕು

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಒಂದು. ಅಂಗಡಿಯಲ್ಲೂ ಇರುತ್ತದೆ, ನಿಮ್ಮದೇ ಆದರೆ ಒಳ್ಳೆಯದು. ಮಡಚಿದರೆ ಕಣಿವೆಯಂತೆ ನಿಲ್ಲುವ ಬಿಳಿ ದಪ್ಪ ಕಾಗದದ ಒಂದು ತುಂಡು. ಕಲ್ಲು ಒರೆಸಲು ನವಿರಾದ ಬಟ್ಟೆ. ಇವೆಲ್ಲಕ್ಕಿಂತ ಮುಖ್ಯವಾಗಿ ಹಗಲು ಹೊತ್ತು ಮತ್ತು ಒಂದೆರಡು ಗಂಟೆಯ ಬಿಡುವು. ಸಂಜೆ ಏಳರ ಮೇಲೆ, ಮುಹೂರ್ತಕ್ಕೆ ಮೂರು ದಿನ ಇರುವಾಗ ಕಲ್ಲು ಆರಿಸಲು ಹೋಗಬೇಡಿ.

ಹಂತ 1: ಆಕಾರವನ್ನು ಕಟ್ ಎಂದು ತಿಳಿಯಬೇಡಿ

ದುಂಡು, ಮೊಟ್ಟೆಯಾಕಾರ, ಹನಿಯಾಕಾರ, ಚೌಕ ಇವೆಲ್ಲ ಆಕಾರಗಳು. ಅದೇ ಆಕಾರವನ್ನು ಎಷ್ಟು ಚೆನ್ನಾಗಿ ಕಡೆದಿದ್ದಾರೆ ಎನ್ನುವುದು ಕಟ್. "ಇದು ಪ್ರಿನ್ಸೆಸ್ ಕಟ್, ಬಹಳ ಒಳ್ಳೆಯದು" ಎಂಬ ಮಾತಿನಲ್ಲಿ ಗುಣಮಟ್ಟದ ಮಾಹಿತಿ ಏನೂ ಇಲ್ಲ, ಪ್ರಿನ್ಸೆಸ್ ಎಂಬುದು ಚೌಕ ಆಕಾರದ ಹೆಸರಷ್ಟೇ.

ಇದೇ ಗೊಂದಲದಿಂದ ಒಂದು ಮೋಸವೂ ಹುಟ್ಟುತ್ತದೆ. ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಎಂಬ ಸಂಸ್ಥೆ ತನ್ನ ವರದಿಯಲ್ಲಿ ಕಟ್ ದರ್ಜೆ ನಮೂದಿಸಲು ಶುರುಮಾಡಿದ್ದು 2006ರಲ್ಲಿ, ಅದೂ ರೌಂಡ್ ಬ್ರಿಲಿಯಂಟ್ ಕಲ್ಲಿಗೆ. ಹನಿಯಾಕಾರದ ಕಲ್ಲಿನ ಜಿಐಎ ವರದಿ ತೋರಿಸಿ "ಎಕ್ಸಲೆಂಟ್ ಕಟ್" ಎಂದರೆ, ಆ ಎಕ್ಸಲೆಂಟ್ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ನೋಡಿ. ಅದು ಪಾಲಿಶ್ ಅಥವಾ ಸಿಮೆಟ್ರಿಯ ಸಾಲಿನಲ್ಲಿರುತ್ತದೆ. ಪಾಲಿಶ್ ಎಂದರೆ ಮುಖಗಳ ನುಣುಪು, ಸಿಮೆಟ್ರಿ ಎಂದರೆ ಮುಖಗಳ ಸಮಜೋಡಣೆ. ಇವೆರಡೂ ಬೇಕು, ಆದರೆ ಬೆಳಕು ಹಿಂದಿರುಗುತ್ತದೆಯೇ ಎಂಬುದನ್ನು ಇವು ಹೇಳುವುದಿಲ್ಲ.

ಹಂತ 2: ವರದಿಯನ್ನು ಪೂರ್ತಿ ಓದಿ

ಸರ್ಟಿಫಿಕೇಟ್ ಎಂದು ನಾವು ಕರೆಯುವ ಕಾಗದ ವಾಸ್ತವದಲ್ಲಿ ಪ್ರಯೋಗಾಲಯದ ಪರೀಕ್ಷಾ ವರದಿ. ನಮ್ಮಲ್ಲಿ ಹೆಚ್ಚಾಗಿ ಕಾಣುವವು ಜಿಐಎ ಮತ್ತು ಅದರಂತೆಯೇ ವಜ್ರ ಪರೀಕ್ಷಿಸುವ ಐಜಿಐ ಸಂಸ್ಥೆಯ ವರದಿಗಳು. ವರದಿಯ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ನೀವೇ ಹಾಕಿ ತಾಳೆ ನೋಡಿ. ಗರ್ಡಲ್ ಮೇಲೆ ಲೇಸರ್‌ನಿಂದ ಆ ಸಂಖ್ಯೆ ಕೊರೆದಿದ್ದರೆ ಲೂಪ್‌ನಲ್ಲಿ ಓದಿ.

ಜಿಐಎ ದರ್ಜೆಗಳು ಐದು: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಕೆಲವು ಪ್ರಯೋಗಾಲಯಗಳು ಎಕ್ಸಲೆಂಟ್‌ಗೂ ಮೇಲೆ ಐಡಿಯಲ್ ಎಂಬ ದರ್ಜೆ ಕೊಡುತ್ತವೆ. ಕಟ್, ಪಾಲಿಶ್, ಸಿಮೆಟ್ರಿ ಮೂರರಲ್ಲೂ ಎಕ್ಸಲೆಂಟ್ ಬಂದ ಕಲ್ಲಿಗೆ ವ್ಯಾಪಾರದಲ್ಲಿ ಟ್ರಿಪಲ್ ಎಕ್ಸಲೆಂಟ್ ಎನ್ನುತ್ತಾರೆ. ದುಂಡು ಕಲ್ಲು ಕೊಳ್ಳುವವರು ಇಲ್ಲಿಂದಲೇ ಹುಡುಕಾಟ ಆರಂಭಿಸಿ, ಇದಕ್ಕಿಂತ ಕೆಳಗೆ ಇಳಿಯಬೇಡಿ ಎಂಬುದು ನನ್ನ ಸಲಹೆ.

ಆದರೆ ಅಲ್ಲಿಗೇ ನಿಲ್ಲಲೂ ಬೇಡಿ. ಬಹಳ ಮಂದಿ ಮುಗ್ಗರಿಸುವುದು ಇಲ್ಲಿಯೇ. ಜಿಐಎ ಎಕ್ಸಲೆಂಟ್ ಎಂಬ ಅಂಗಳ ತುಂಬ ವಿಶಾಲವಾದದ್ದು. ಕ್ರೌನ್ ಕೋನ 31.5ರಿಂದ 36.5 ಡಿಗ್ರಿವರೆಗೆ, ಪೆವಿಲಿಯನ್ ಕೋನ 40.6ರಿಂದ 41.8ರವರೆಗೆ ಇರುವ ಕಲ್ಲುಗಳಿಗೂ ಅದರೊಳಗೆ ಜಾಗವಿದೆ. ಆ ಅಂಗಳದ ನಡುವೆ ನಿಂತ ಕಲ್ಲು ಬೇರೆ, ಗೋಡೆಗೆ ಒರಗಿ ನಿಂತ ಕಲ್ಲು ಬೇರೆ. ಆದ್ದರಿಂದ ದರ್ಜೆ ನೋಡಿದ ಮೇಲೆ ಅಂಕೆಗಳನ್ನು ನೋಡಲೇಬೇಕು. ಕಾರ್ಡಿನಷ್ಟು ಚಿಕ್ಕ ವರದಿಗಳಲ್ಲಿ ಈ ಅಂಕೆಗಳೇ ಇಲ್ಲದಿರಬಹುದು. ಹಾಗಿದ್ದರೆ ಕೇಳಿ ಪಡೆಯಿರಿ. ದೊಡ್ಡ ಒಂಟಿ ಕಲ್ಲಿಗೆ ಅಂಕೆ ಕೊಡಲಾಗದು ಎಂದರೆ ಬೇರೆ ಕಲ್ಲು ನೋಡಿ.

ಹಂತ 3: ಅಂಕೆಗಳ ಜರಡಿ ಹಿಡಿಯಿರಿ

ವರದಿಯಲ್ಲಿ ಕಲ್ಲಿನ ಪಕ್ಕನೋಟದ ಒಂದು ಚಿತ್ರವಿರುತ್ತದೆ, ಅದರ ಸುತ್ತ ಅಂಕೆಗಳು. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬ ತಜ್ಞರು ಲೆಕ್ಕಹಾಕಿ ತೋರಿಸಿದ್ದು ಹೀಗಿತ್ತು: ಟೇಬಲ್ ಶೇ 53, ಕ್ರೌನ್ ಕೋನ 34.5 ಡಿಗ್ರಿ, ಪೆವಿಲಿಯನ್ ಕೋನ 40.75 ಡಿಗ್ರಿ. ನೂರು ವರ್ಷ ದಾಟಿದರೂ ಒಳ್ಳೆಯ ಕಲ್ಲುಗಳು ಈ ಅಂಕೆಗಳ ಸುತ್ತಮುತ್ತಲೇ ಇವೆ. ನಾನು ಹಿಡಿಯುವ ಜರಡಿ ಇದು:

ಟೇಬಲ್: ಶೇ 54ರಿಂದ 58
ಒಟ್ಟು ಆಳ: ಶೇ 60ರಿಂದ 62.5
ಕ್ರೌನ್ ಕೋನ: 34ರಿಂದ 35 ಡಿಗ್ರಿ
ಪೆವಿಲಿಯನ್ ಕೋನ: 40.6ರಿಂದ 41 ಡಿಗ್ರಿ
ಗರ್ಡಲ್: ತೆಳು ದರ್ಜೆಯಿಂದ ತುಸು ದಪ್ಪ ದರ್ಜೆಯವರೆಗೆ
ಕ್ಯೂಲೆಟ್: ಇಲ್ಲ, ಅಥವಾ ತೀರ ಚಿಕ್ಕದು

ಟೇಬಲ್ ಮತ್ತು ಆಳದ ಶೇಕಡಾವಾರು ಲೆಕ್ಕವೆಲ್ಲ ಕಲ್ಲಿನ ಅಗಲಕ್ಕೆ ಹೋಲಿಸಿದ್ದು. ಇವುಗಳಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಪೆವಿಲಿಯನ್ ಕೋನವನ್ನು ಇಟ್ಟುಕೊಳ್ಳಿ. ಕ್ರೌನ್ ಅರ್ಧ ಡಿಗ್ರಿ ಆಚೀಚೆಯಾದರೆ ಕಲ್ಲು ಸಹಿಸಿಕೊಳ್ಳುತ್ತದೆ, ಪೆವಿಲಿಯನ್ ಅಷ್ಟು ಜಾರಿದರೆ ಸಹಿಸುವುದಿಲ್ಲ. ಎರಡೂ ತಕ್ಕಡಿಯ ಎರಡು ತಟ್ಟೆಗಳಿದ್ದ ಹಾಗೆ. ಪೆವಿಲಿಯನ್ 41ರ ಕಡೆಗಿದ್ದರೆ ಕ್ರೌನ್ 34ರ ಕಡೆಗಿರಬೇಕು, ಪೆವಿಲಿಯನ್ 40.6 ಆದರೆ ಕ್ರೌನ್ 35 ಒಪ್ಪುತ್ತದೆ. ಎರಡೂ ಒಟ್ಟಿಗೆ ಮೇಲಕ್ಕೇರಿದ ಕಲ್ಲನ್ನು, ಅಂದರೆ ಕ್ರೌನ್ 36, ಪೆವಿಲಿಯನ್ 41.4 ಎಂಬಂಥದ್ದನ್ನು, ಎಕ್ಸಲೆಂಟ್ ಎಂದು ಬರೆದಿದ್ದರೂ ಪಕ್ಕಕ್ಕಿಡಿ. ಟೇಬಲ್‌ನ ಅಂಚಿನ ಕೆಳಗೆ ಬೆಳಕು ಸೋರಿ ಕಲ್ಲಿನೊಳಗೆ ಕಪ್ಪು ಉಂಗುರವೊಂದು ಕಾಣಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಜಿಐಎ ವರದಿಯ ಕೋನಗಳು ಸುತ್ತಲಿನ ಎಂಟು ಮುಖಗಳ ಸರಾಸರಿ, ಅದನ್ನೂ ಹತ್ತಿರದ ಅಂಕೆಗೆ ತಿದ್ದಿ ಬರೆದಿರುತ್ತಾರೆ: ಕ್ರೌನ್ ಅರ್ಧ ಡಿಗ್ರಿಗೆ, ಪೆವಿಲಿಯನ್ 0.2 ಡಿಗ್ರಿಗೆ. ಒಂದು ಮುಖ 40, ಎದುರಿನದು 41.6 ಇದ್ದರೂ ಸರಾಸರಿ 40.8 ಎಂದೇ ಬರುತ್ತದೆ. ಅದಕ್ಕಾಗಿಯೇ ಇದು ಜರಡಿ, ತೀರ್ಪಲ್ಲ. ಅಂಕೆ ಕೆಟ್ಟದಿದ್ದ ಕಲ್ಲನ್ನು ಬಿಡಲು ಇದು ಸಾಕು. ಅಂಕೆ ಚೆನ್ನಾಗಿದೆ ಎಂದು ನೋಡದೆಯೇ ಕೊಳ್ಳಲು ಸಾಲದು.

ಹಂತ 4: ತೂಕ ಕೇಳಿದ ಮೇಲೆ ಅಗಲ ಕೇಳಿ

ವಜ್ರದ ಬೆಲೆ 30 ಸೆಂಟ್, 50 ಸೆಂಟ್, ಒಂದು ಕ್ಯಾರೆಟ್ ಎಂಬ ಗಡಿಗಳಲ್ಲಿ ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆ. ಹೀಗಾಗಿ ಕಡೆಯುವವರಿಗೆ ಆ ಗಡಿ ಮುಟ್ಟಿಸುವ ಆಸೆ. ಚೆನ್ನಾಗಿ ಕಡೆದರೆ 92 ಸೆಂಟಿಗೆ ಇಳಿಯುವ ಕಲ್ಲನ್ನು ಹೊಟ್ಟೆ ಆಳವಾಗಿ, ಗರ್ಡಲ್ ದಪ್ಪವಾಗಿ ಉಳಿಸಿಕೊಂಡು ಒಂದು ಕ್ಯಾರೆಟ್ ಮಾಡುತ್ತಾರೆ. ಮೇಲಿನಿಂದ ನೋಡಿದರೆ ಎರಡರ ಅಗಲವೂ 6.25 ಮಿ.ಮೀ. ಆಸುಪಾಸು. ಹೆಚ್ಚಿನ ಎಂಟು ಸೆಂಟ್ ಚಿನ್ನದೊಳಗೆ ಹೂತುಹೋಗುವ ತೂಕ. ಅದಕ್ಕೂ ನೀವೇ ದುಡ್ಡು ಕೊಡುತ್ತೀರಿ, ಜಿಗಿದ ದರದಲ್ಲಿ, ಮಂಕಾದ ಕಲ್ಲಿಗೆ.

ಚೆನ್ನಾಗಿ ಕಡೆದ ದುಂಡು ಕಲ್ಲಿನ ಅಗಲ ಅಂದಾಜು ಹೀಗಿರಬೇಕು: 10 ಸೆಂಟಿಗೆ 3 ಮಿ.ಮೀ., 20 ಸೆಂಟಿಗೆ 3.8, 30 ಸೆಂಟಿಗೆ 4.3, 50 ಸೆಂಟಿಗೆ 5.1, ಒಂದು ಕ್ಯಾರೆಟ್‌ಗೆ 6.4ರಿಂದ 6.5. ಇದಕ್ಕಿಂತ ಗಮನಾರ್ಹವಾಗಿ ಕಡಿಮೆಯಿದ್ದರೆ ತೂಕ ಹೊಟ್ಟೆಯಲ್ಲಿ ಅಡಗಿದೆ ಎಂದರ್ಥ. ಹೆಚ್ಚಿದ್ದರೂ ಹಿಗ್ಗಬೇಡಿ, ಕಲ್ಲು ತೀರ ಚಪ್ಪಟೆಯಾಗಿರಬಹುದು. ಗಡಿಗಿಂತ ಸ್ವಲ್ಪ ಕೆಳಗಿನ, ಅಂದರೆ 46ರಿಂದ 49 ಸೆಂಟಿನ ಅಥವಾ 90ರಿಂದ 97 ಸೆಂಟಿನ, ಒಳ್ಳೆಯ ಕಟ್‌ನ ಕಲ್ಲು ಸಿಕ್ಕರೆ ಬಿಡಬೇಡಿ.

ಹಂತ 5: ಅಂಗಡಿಯ ದೀಪದಿಂದ ಕಲ್ಲನ್ನು ಹೊರಗೆ ತನ್ನಿ

ಇದು ಎಲ್ಲಕ್ಕಿಂತ ಮುಖ್ಯ ಹಂತ. ಒಡವೆ ಅಂಗಡಿಯ ಚಾವಣಿಯಲ್ಲಿ ಹತ್ತಾರು ಸಣ್ಣ ಚೂಪು ದೀಪಗಳಿರುತ್ತವೆ. ಅಂಥ ಬೆಳಕಿನಡಿ ಕಳಪೆ ಕಲ್ಲೂ ಕಿಡಿ ಹಾರಿಸುತ್ತದೆ. ಕಲ್ಲನ್ನು ಮೊದಲು ಒರೆಸಿಸಿಕೊಳ್ಳಿ. ವಜ್ರಕ್ಕೆ ಜಿಡ್ಡು ಬೇಗ ಹತ್ತುತ್ತದೆ, ನಾಲ್ಕು ಜನರ ಬೆರಳು ತಾಗಿದರೆ ಒಳ್ಳೆಯ ಕಲ್ಲೂ ಸಪ್ಪಗಾಗುತ್ತದೆ. ಅನಂತರ ಇದೇ ಕ್ರಮದಲ್ಲಿ ನೋಡಿ.

ಮೊದಲು ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ನಿಲ್ಲಿ. ಮಡಚಿದ ಬಿಳಿ ಕಾಗದದ ಕಣಿವೆಯಲ್ಲಿ ಟೇಬಲ್ ಮುಖ ಮೇಲಕ್ಕೆ ಬರುವಂತೆ ಕಲ್ಲಿಟ್ಟು ಒಂದೂವರೆ ಗೇಣು ದೂರದಿಂದ ನೋಡಿ. ತೀರ ಹತ್ತಿರ ಬಗ್ಗಿದರೆ ನಿಮ್ಮ ತಲೆಯ ನೆರಳೇ ಕಲ್ಲಿನಲ್ಲಿ ಕಪ್ಪಾಗಿ ಕಾಣುತ್ತದೆ. ಅಂಚಿನಿಂದ ಅಂಚಿಗೆ ಬೆಳಕು ತುಂಬಿರಬೇಕು. ನಡುವೆ ಕಾಣುವ ಕಪ್ಪು ಗೆರೆಗಳು ಚೂಪಾಗಿ, ಎಂಟು ಬಾಣಗಳಂತೆ ಸಮವಾಗಿ ಹರಡಿದ್ದರೆ ಅದು ದೋಷವಲ್ಲ. ಬಿಳುಪಿನ ಪಕ್ಕ ಕಪ್ಪು ಇದ್ದಾಗಲೇ ಕಲ್ಲು ಅಲುಗಿದಂತೆಲ್ಲ ಮಿನುಗು ಹುಟ್ಟುವುದು.

ನೀವು ಭಯಪಡಬೇಕಾದ ಕಪ್ಪು ಬೇರೆ. ಟೇಬಲ್‌ನ ನಡುವೆ ಮೊಳೆಯ ತಲೆಯಂತೆ ದುಂಡಗಿನ ಕತ್ತಲೆ ಕವಿದಿದ್ದು, ಕಲ್ಲನ್ನು ಎಷ್ಟೇ ಆಡಿಸಿದರೂ ಹೋಗದಿದ್ದರೆ ಪೆವಿಲಿಯನ್ ಅತಿ ಆಳ. ಇದಕ್ಕೆ ನೇಲ್‌ಹೆಡ್ ಎಂದೇ ಹೆಸರು. ಅದರ ಬದಲು ಟೇಬಲ್‌ನೊಳಗೆ ಗರ್ಡಲ್‌ನ ಪ್ರತಿಬಿಂಬ ಬೂದು ಬಣ್ಣದ ಉಂಗುರವಾಗಿ, ಮೀನಿನ ಕಣ್ಣಿನಂತೆ ಕಂಡರೆ ಪೆವಿಲಿಯನ್ ಅತಿ ಚಪ್ಪಟೆ. ಇದು ಫಿಶ್‌ಐ. ಕಲ್ಲಿನಲ್ಲಿ ಕರಿ ಚುಕ್ಕೆ ಇರಬಾರದು ಎಂದು ನಮ್ಮ ಮನೆಗಳ ಹಿರಿಯರು ಲೂಪ್ ಹಿಡಿದು ಗಂಟೆಗಟ್ಟಲೆ ಹುಡುಕುತ್ತಾರೆ. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಸೂಜಿಮೊನೆಯಷ್ಟು ಚುಕ್ಕೆಗಾಗಿ ಕಲ್ಲು ತಿರಸ್ಕರಿಸಿ, ನಡುವೆಯೇ ಕತ್ತಲೆ ತುಂಬಿದ ಇನ್ನೊಂದನ್ನು ಮನೆಗೆ ತಂದ ಕುಟುಂಬಗಳನ್ನು ನೋಡಿ ಮನಸ್ಸಿಗೆ ನೋವಾಗಿದೆ.

ಎರಡನೆಯದಾಗಿ ಕಲ್ಲನ್ನು ಮೇಜಿನ ಅಡಿಗೆ, ಇಲ್ಲವೇ ನಿಮ್ಮ ಮೈಯ ನೆರಳಿಗೆ ಹಿಡಿಯಿರಿ. ಒಳ್ಳೆಯ ಕಟ್ ಗುರುತು ಸಿಗುವುದು ಈ ಮಂದ ಬೆಳಕಿನಲ್ಲಿ. ಕಳಪೆ ಕಲ್ಲು ಇಲ್ಲಿ ಆರಿಹೋಗುತ್ತದೆ, ಚೆನ್ನಾಗಿ ಕಡೆದದ್ದು ಸಿಕ್ಕಿದಷ್ಟೇ ಬೆಳಕನ್ನು ಕೂಡಿಸಿಕೊಂಡು ಉಸಿರಾಡುತ್ತಿರುತ್ತದೆ. ಮದುವೆಮನೆಯ ದೀಪದಡಿ ಆ ಒಡವೆ ಇರುವುದು ವರ್ಷಕ್ಕೆ ನಾಲ್ಕು ದಿನ. ಉಳಿದ ದಿನ ಇರುವುದು ಅಡುಗೆಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ.

ಮೂರನೆಯದಾಗಿ ಕಲ್ಲನ್ನು ಎರಡು ಬೆರಳ ಸಂದಿಯಲ್ಲಿ ಟೇಬಲ್ ಮುಖ ಮೇಲಕ್ಕೆ ಬರುವಂತೆ ಕೂರಿಸಿ ಮೆಲ್ಲಗೆ ಓರೆ ಮಾಡಿ. ಸ್ವಲ್ಪ ಓರೆಯಾದೊಡನೆ ಕಲ್ಲಿನ ಮೂಲಕ ನಿಮ್ಮ ಚರ್ಮದ ಬಣ್ಣ ಕಂಡರೆ ಅಲ್ಲಿ ಬೆಳಕು ಸೋರುತ್ತಿದೆ. ಬಹಳ ಓರೆ ಮಾಡಿದಾಗ ಯಾವ ಕಲ್ಲಾದರೂ ಸ್ವಲ್ಪ ಸೋರುತ್ತದೆ, ಅದಕ್ಕೆ ಗಾಬರಿ ಬೇಡ.

ನೇರ ಬಿಸಿಲಿನಲ್ಲಿ ನೋಡುವುದು ಕೊನೆಗೆ. ಬಿಸಿಲಿನಲ್ಲಿ ಒಳ್ಳೆಯ ವಜ್ರ ಕಪ್ಪಗೆ ಕಂಡು, ಅದರೊಳಗಿಂದ ಕೆಂಪು, ನೀಲಿ, ಹಸಿರು ಕಿಡಿಗಳು ಹಾರುತ್ತವೆ. ಬಣ್ಣದ ಈ ಕಿಡಿಗಳಿಗೆ ಫೈರ್ ಎನ್ನುತ್ತಾರೆ. ಕಪ್ಪಾಯಿತೆಂದು ಕಲ್ಲನ್ನು ಹಿಂದಿರುಗಿಸಬೇಡಿ.

ಯಾವಾಗಲೂ ಎರಡು ಮೂರು ಕಲ್ಲುಗಳನ್ನು ಪಕ್ಕಪಕ್ಕ ಇಟ್ಟೇ ನೋಡಿ. ಒಂದೇ ಕಲ್ಲನ್ನು ನೋಡುತ್ತ ಕುಳಿತರೆ ಕಣ್ಣು ಅದಕ್ಕೇ ಒಗ್ಗಿಕೊಳ್ಳುತ್ತದೆ.

ಹಂತ 6: ಲೂಪ್ ಮತ್ತು ಕೆಂಪು ದರ್ಶಕ

ಲೂಪ್ ಅನ್ನು ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನು ಒಂದು ಅಂಗುಲದಷ್ಟು ಹತ್ತಿರಕ್ಕೆ ತನ್ನಿ. ಮುಖಗಳ ಚೂಪು ತುದಿಗಳು ಒಂದಕ್ಕೊಂದು ಕೂಡುತ್ತವೆಯೇ, ಮೇಲಿನ ಮುಖಗಳೂ ಕೆಳಗಿನವೂ ಗರ್ಡಲ್‌ನಲ್ಲಿ ಎದುರುಬದುರಾಗಿವೆಯೇ ನೋಡಿ. ಗರ್ಡಲ್ ಒಂದು ಕಡೆ ಕೂದಲಿನಷ್ಟು ತೆಳು, ಇನ್ನೊಂದು ಕಡೆ ದಪ್ಪ ಇರಬಾರದು. ತೀರ ತೆಳುವಾದ ಅಂಚು ಕಲ್ಲು ಕೂರಿಸುವಾಗಲೇ ಚಕ್ಕೆ ಏಳಬಹುದು.

ಐಡಿಯಲ್‌ಸ್ಕೋಪ್ ಎಂಬ ಪುಟ್ಟ ಕೆಂಪು ನಳಿಗೆ ಸಿಕ್ಕರೆ ಕೆಲಸ ಇನ್ನೂ ಸುಲಭ. ಅದರಲ್ಲಿ ನೋಡಿದಾಗ ಬೆಳಕು ಹಿಂದಿರುಗುವ ಜಾಗ ಕೆಂಪಾಗಿ, ಸೋರುವ ಜಾಗ ಬಿಳಿಯಾಗಿ, ಬಾಣಗಳು ಕಪ್ಪಾಗಿ ಕಾಣುತ್ತವೆ. ಟೇಬಲ್ ಅಡಿಯಲ್ಲಿ ದೊಡ್ಡ ಬಿಳಿ ಕಲೆಗಳಿದ್ದರೆ ಕಲ್ಲು ಬೇಡ. ಆನ್‌ಲೈನ್‌ನಲ್ಲಿ ಕೊಳ್ಳುವವರು ಈ ಚಿತ್ರವನ್ನು ಕೇಳಿ ತರಿಸಿಕೊಳ್ಳಿ. ತಿರುಗುವ ವಿಡಿಯೊ ಎಷ್ಟೇ ಚೆಂದವಿರಲಿ, ಅದು ಮಾರುವವರು ಆರಿಸಿಕೊಂಡ ಬೆಳಕಿನಲ್ಲಿ ತೆಗೆದದ್ದು.

ಹಂತ 7: ಏಳು ಕಲ್ಲಿನ ಓಲೆಯಾದರೆ

ಒಂದೊಂದು 10 ಸೆಂಟಿನ ಕಲ್ಲಾದರೆ ಜೋಡಿ ಓಲೆಗೆ 14 ಕಲ್ಲು, ಒಟ್ಟು 1.40 ಕ್ಯಾರೆಟ್. ಇಷ್ಟು ಸಣ್ಣ ಕಲ್ಲಿಗೆ ಒಂದೊಂದಕ್ಕೂ ಬೇರೆ ವರದಿ ಸಾಮಾನ್ಯವಾಗಿ ಇರುವುದಿಲ್ಲ. ಇಡೀ ಒಡವೆಗೆ ಒಂದೇ ಕಾಗದ ಕೊಡುತ್ತಾರೆ. ಆದ್ದರಿಂದ ಕಣ್ಣೇ ಗತಿ, ಮತ್ತು ಕಲ್ಲನ್ನು ಕೂರಿಸುವ ಮುಂಚೆ ನೋಡುವುದೇ ಸರಿ.

ಹದಿನಾಲ್ಕನ್ನೂ ಬಿಳಿ ಕಾಗದದ ಮೇಲೆ ಸಾಲಾಗಿ ಇಡಿಸಿ ನೆರಳಿನಲ್ಲಿ ನೋಡಿ. ಒಂದೆರಡು ಮಂಕಾಗಿದ್ದರೆ ಸಾಲಿನಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ, ಬದಲಿಸಲು ಹೇಳಿ. ಫುಲ್ ಕಟ್ ಕಲ್ಲೇ, ಅಂದರೆ 57 ಅಥವಾ 58 ಮುಖಗಳದ್ದೇ ಎಂದು ಕೇಳಿ. ಸಿಂಗಲ್ ಕಟ್ ಎಂಬ ಸರಳ ಕಡೆತದಲ್ಲಿ ಮುಖಗಳು 17 ಅಥವಾ 18 ಮಾತ್ರ, ಅದರ ಮಿನುಗೇ ಬೇರೆ ಬಗೆ. ಒಂದು ಓಲೆಯಲ್ಲಿ ಎರಡೂ ಬೆರೆಯಬಾರದು.

ಹಿಂಬದಿ ಮುಚ್ಚಿದ ಕಟ್ಟಡವನ್ನು, ಅಂದರೆ ಕಲ್ಲಿನ ಬೆನ್ನಿಗೆ ಚಿನ್ನ ಮುಚ್ಚಿ ಕೂರಿಸುವ ಕ್ರಮವನ್ನು, ನಮ್ಮಲ್ಲಿ ಇಂದಿಗೂ ಇಷ್ಟಪಡುತ್ತಾರೆ. ಅದರಲ್ಲಿ ಕಲ್ಲಿನ ಪೆವಿಲಿಯನ್ ಕಾಣುವುದೇ ಇಲ್ಲ, ಸೋರುವ ಕಲ್ಲಿನೊಳಗಿಂದ ಚಿನ್ನದ ಹಳದಿ ಇಣುಕುತ್ತದೆ, ಹಿಂದೆ ಸೇರಿದ ಕೊಳೆಯನ್ನು ತೆಗೆಯಲೂ ಆಗದು. ಸಂಪ್ರದಾಯಕ್ಕೆ ಅಡ್ಡಿಯಿಲ್ಲದಿದ್ದರೆ ಹಿಂಬದಿ ತೆರೆದ ಕಟ್ಟಡವನ್ನೇ ಮಾಡಿಸಿ.

ಅಜ್ಜಿಯ ಕಾಲದ ಹಳೆಯ ಕಲ್ಲುಗಳನ್ನು ಮಾತ್ರ ಈ ಅಂಕೆಗಳಿಂದ ಅಳೆಯಬೇಡಿ. ಕೈಯಿಂದಲೇ ಕಡೆದ, ದೊಡ್ಡ ಕ್ಯೂಲೆಟ್‌ನ, ದಪ್ಪ ದಪ್ಪ ಮುಖಗಳ ಆ ಕಲ್ಲುಗಳು ಎಣ್ಣೆದೀಪದ ಬೆಳಕಿನಲ್ಲಿ ಬೇರೆಯೇ ಚೆಲುವು ತೋರುತ್ತವೆ. ಹೊಸದಾಗಿ ಕಡೆಸಿದರೆ ತೂಕ ಹೋಗುತ್ತದೆ, ಹೋದದ್ದು ಮತ್ತೆ ಬಾರದು.

ಹಂತ 8: ಹಣವನ್ನು ಎಲ್ಲಿ ಉಳಿಸಬೇಕು

ಒಳ್ಳೆಯ ಕಟ್‌ಗೆ ಹೆಚ್ಚು ಬೆಲೆ. ಆ ಹಣವನ್ನು ಬಣ್ಣ ಮತ್ತು ಶುದ್ಧತೆಯಲ್ಲಿ ಉಳಿಸಬಹುದು. ಬಣ್ಣದ ದರ್ಜೆ ಡಿ ಅಕ್ಷರದಿಂದ ಶುರು, ಅದು ಬಣ್ಣವೇ ಇಲ್ಲದ ಕಲ್ಲು; ಅಕ್ಷರ ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚು. ಹಳದಿ ಚಿನ್ನದಲ್ಲಿ ಕೂರುವ ಕಲ್ಲಿಗೆ ಡಿ, ಇ ಬಣ್ಣ ಅನಗತ್ಯ. ಜಿ ಅಥವಾ ಎಚ್ ಧಾರಾಳ ಸಾಕು, ಏಕೆಂದರೆ ಬೆಳಕು ತುಂಬಿದ ಕಲ್ಲಿನಲ್ಲಿ ಹಳದಿ ಛಾಯೆ ಕಣ್ಣಿಗೆ ಬೀಳುವುದು ಕಡಿಮೆ. ಶುದ್ಧತೆಯಲ್ಲಿ ವಿಎಸ್ ದರ್ಜೆ, ಅಂದರೆ ಲೂಪ್ ಹಿಡಿದರಷ್ಟೇ ಕಾಣುವಂಥ ಸಣ್ಣ ಕಲೆಗಳಿರುವ ಕಲ್ಲು, ಸಾಕು. ಬರಿಗಣ್ಣಿಗೆ ಏನೂ ಕಾಣದಿದ್ದರೆ ಅದರ ಕೆಳಗಿನ ದರ್ಜೆಯಾದ ಎಸ್‌ಐ1 ಕೂಡ ಆದೀತು.

ಹಂತ 9: ಬಿಲ್, ಜೋಡಣೆ, ಮನೆಗೆ ಬಂದ ಮೇಲೆ

ಬಿಲ್‌ನಲ್ಲಿ ವರದಿ ಸಂಖ್ಯೆ, ಕಲ್ಲಿನ ತೂಕ, ಬಣ್ಣ, ಶುದ್ಧತೆ, ಕಟ್ ದರ್ಜೆ, ಗಣಿಯದೋ ಪ್ರಯೋಗಾಲಯದ್ದೋ ಎಂಬುದು, ಹಿಂದಿರುಗಿಸುವ ಮತ್ತು ಬದಲಿಸುವ ಷರತ್ತುಗಳು ಬರವಣಿಗೆಯಲ್ಲಿರಲಿ. ಒಡವೆಯ ಗುರುತಿಗೆ ಕೊರೆಯುವ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ. ಅದನ್ನು ತೋರಿಸಿ ವಜ್ರದ ಭರವಸೆ ಕೊಟ್ಟರೆ ಒಪ್ಪಬೇಡಿ.

ಕಲ್ಲು ಕೂರಿಸಿದ ಮೇಲೆ ಒಡವೆ ಪಡೆಯುವಾಗ ಗರ್ಡಲ್‌ನ ಸಂಖ್ಯೆಯನ್ನು ಲೂಪ್‌ನಲ್ಲಿ ಮತ್ತೊಮ್ಮೆ ಓದಿ, ಅದು ನೀವು ಆರಿಸಿದ ಕಲ್ಲೇ ಎಂದು ಖಚಿತಪಡಿಸಿಕೊಳ್ಳಿ. ಚಿನ್ನದ ಹಿಡಿಯೊಂದು ಸಂಖ್ಯೆಯನ್ನು ಮುಚ್ಚದಂತೆ ಕೂರಿಸಲು ಅಕ್ಕಸಾಲಿಗರಿಗೆ ಮೊದಲೇ ಹೇಳಿರಿ. ಮನೆಯಲ್ಲಿ ಎರಡು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಹಿಂಬದಿ ತೆರೆದ ಒಡವೆಯನ್ನು ಹತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಕಲ್ಲಿನ ಬೆನ್ನನ್ನು ಉಜ್ಜಿ. ಮುಚ್ಚಿದ ಕಟ್ಟಡದ ಓಲೆಯನ್ನು ನೆನೆಸಬೇಡಿ, ಒದ್ದೆ ಬಟ್ಟೆಯಿಂದ ಮೇಲೆ ಒರೆಸಿದರೆ ಸಾಕು. ಬಚ್ಚಲಿನ ಬಾಯಿ ಮುಚ್ಚದೆ ಸಿಂಕ್‌ನಲ್ಲಿ ತೊಳೆಯಲು ಹೋಗಬೇಡಿ, ಒಂದು ಬಟ್ಟಲು ಇಟ್ಟುಕೊಳ್ಳಿ.